ವೆಲ್ಡಿಂಗ್ ರಾಡಿಗೆ ಹಣವೆಲ್ಲಿ?

ಕೌಶಲ ತರಬೇತಿಯನ್ನು ಸರ್ಕಾರಗಳು ಕಡೆಗಣಿಸಿವೆ ಎಂದು ಈಗ ದೂರುವಂತಿಲ್ಲ. 2022ರ ಜೂನ್‌ನಲ್ಲಿ ಪ್ರಧಾನಿಯವರು ಬೆಂಗಳೂರಿನಲ್ಲಿ, ಮೇಲ್ದರ್ಜೆಗೇರಿಸಿದ ರಾಜ್ಯದ 150 ಐಟಿಐಗಳನ್ನು ಲೋಕಾರ್ಪಣೆ ಮಾಡಿದರು. ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದ ಈ ಯೋಜನೆಯ ವೆಚ್ಚ 4,600 ಕೋಟಿ ರೂಪಾಯಿಗೂ ಅಧಿಕ. ರೋಬೊಟಿಕ್ಸ್, ಸಿಎನ್‌ಸಿ ಯಂತ್ರ, ವಿದ್ಯುತ್ ವಾಹನ ಮುಂತಾದ ಹೊಸ ವಿಷಯಗಳು ಅಲ್ಲಿಗೆ ಬಂದಿರುವುದು ಸ್ವಾಗತಾರ್ಹವೇ. ಆದರೆ ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಇಂದಿಗೂ ಬೇಕಾಗಿರುವುದು ನೆಚ್ಚಬಹುದಾದ ವೆಲ್ಡರ್. ಅವನನ್ನು ತಯಾರು ಮಾಡುವ ಕ್ರಮದಲ್ಲಿರುವ ಕೊರತೆ ಯಂತ್ರಗಳದ್ದಲ್ಲ.

ಐಟಿಐಯಲ್ಲಿ ವೆಲ್ಡರ್ ತರಬೇತಿ ಒಂದು ವರ್ಷದ್ದು. ಎಂಟನೆಯ ತರಗತಿ ಪಾಸಾದವರು ಸೇರಬಹುದು. ಆರ್ಕ್, ಗ್ಯಾಸ್, ಮಿಗ್, ಟಿಗ್ ಎಲ್ಲವೂ ಪಠ್ಯಕ್ರಮದಲ್ಲಿವೆ. ಆದರೆ ಈ ವಿದ್ಯೆ ನೆಲೆಸುವುದು ಕೈಯಲ್ಲಿ. ಆರ್ಕ್ ವೆಲ್ಡಿಂಗ್‌ನಲ್ಲಿ ರಾಡು ಉರಿಯುತ್ತ ಗಿಡ್ಡವಾಗುತ್ತದೆ. ಕೈ ಅದೇ ವೇಗದಲ್ಲಿ ಕೆಳಗಿಳಿಯುತ್ತ, ಜೊತೆಗೆ ಜೋಡಣೆಯ ಗುಂಟ ಸಮವಾಗಿ ಸಾಗಬೇಕು. ಅಂತರ ಹೆಚ್ಚಿದರೆ ಲೋಹ ಸಿಡಿಯುತ್ತದೆ, ತೀರಾ ತಗ್ಗಿದರೆ ರಾಡು ಅಂಟಿಕೊಳ್ಳುತ್ತದೆ, ನಿಧಾನಿಸಿದರೆ ತೆಳು ತಗಡು ತೂತಾಗುತ್ತದೆ. ನಿಲುವಾಗಿಯೂ ತಲೆಯ ಮೇಲ್ಗಡೆಯೂ ಬೆಸೆಯುವಾಗ ಕರಗಿದ ಲೋಹ ಜಾರದಂತೆ ಹಿಡಿದಿಡುವುದು ಇನ್ನೂ ಕಷ್ಟ. ಇದನ್ನು ಕಲಿಯಲು ಇರುವ ದಾರಿ ಒಂದೇ: ರಾಡುಗಳನ್ನು ಉರಿಸುವುದು, ತಗಡುಗಳನ್ನು ಹಾಳುಮಾಡುವುದು, ಮತ್ತೆ ಉರಿಸುವುದು.

ಇಲ್ಲಿಯೇ ತೊಡಕು. ರಾಡು, ತಗಡು, ಅನಿಲ, ವಿದ್ಯುತ್ತು ಇವೆಲ್ಲ ಆಯವ್ಯಯದ ಪರಿಭಾಷೆಯಲ್ಲಿ ಪುನರಾವರ್ತಕ ವೆಚ್ಚ. ಯಂತ್ರ ಖರೀದಿಗೆ ಉದ್ಘಾಟನೆಯುಂಟು, ಶಿಲಾಫಲಕವುಂಟು. ರಾಡಿನ ಪೊಟ್ಟಣಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ. ನನ್ನ ಸೇವಾವಧಿಯಲ್ಲಿ ಮಿತವ್ಯಯದ ಸುತ್ತೋಲೆ ಬಂದಾಗಲೆಲ್ಲ ಮೊದಲು ಕತ್ತರಿ ಬೀಳುತ್ತಿದ್ದುದು ಇಂಥ ಲೆಕ್ಕಶೀರ್ಷಿಕೆಗಳಿಗೇ. ಅಂಥ ಕೆಲವು ಕಡತಗಳಿಗೆ ನಾನೂ ಸಹಿ ಹಾಕಿದ್ದೇನೆ.

ಪ್ರಮಾಣಪತ್ರ ಹಿಡಿದು ಪೀಣ್ಯಕ್ಕೆ ಬಂದ ಯುವಕನ ಮುಂದೆ ಮಾಲೀಕ ಎರಡು ತಗಡು ಇಟ್ಟು, ನಿಲುವಾಗಿ ಬೆಸೆದು ತೋರಿಸು ಎನ್ನುತ್ತಾನೆ. ಕೈ ಪಳಗಿಲ್ಲದಿದ್ದರೆ ಅವನು ಹೆಲ್ಪರ್. ತಗಡು ಹೊರುವುದು, ಗ್ರೈಂಡಿಂಗ್ ಮಾಡುವುದು, ಸಂಬಳವೂ ಅಷ್ಟಕ್ಕಷ್ಟೆ. ಮಾಲೀಕನೇ ಕಲಿಸಬಾರದೇ ಎಂದು ಕೇಳಬಹುದು. ಕಲಿತ ಮೇಲೆ ಪಕ್ಕದ ರಸ್ತೆಯ ಕಾರ್ಖಾನೆ ತುಸು ಹೆಚ್ಚು ಕೊಟ್ಟು ಅವನನ್ನು ಸೆಳೆದುಕೊಂಡರೆ ಖರ್ಚು ಒಬ್ಬನದು, ಲಾಭ ಇನ್ನೊಬ್ಬನದು. ಅರ್ಥಶಾಸ್ತ್ರ ಇದನ್ನು ಬಾಹ್ಯ ಪರಿಣಾಮವೆನ್ನುತ್ತದೆ. ಇಂಥ ಕಡೆ ಸಾರ್ವಜನಿಕ ಹಣ ತೊಡಗಿಸುವುದು ಔದಾರ್ಯವಲ್ಲ, ಅಗತ್ಯ.

1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳಿಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯವಾಗಿರುವುದು 30 ಅಥವಾ ಹೆಚ್ಚು ನೌಕರರಿರುವ ಘಟಕಗಳಿಗೆ. ಅದಕ್ಕಿಂತ ಚಿಕ್ಕವಕ್ಕೆ ಐಚ್ಛಿಕ. ಕೇಂದ್ರದ ಉತ್ತೇಜನ ಯೋಜನೆಯು ಶಿಷ್ಯವೇತನದ ಶೇ 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿವರೆಗೆ, ಭರಿಸುವಂತೆ ರೂಪುಗೊಂಡದ್ದು. ಕಲಿಯುವವನು ಹಾಳುಮಾಡುವ ರಾಡು-ತಗಡಿನ ಲೆಕ್ಕ ಅದರಲ್ಲಿಲ್ಲ.

ಮಾದರಿಗಾಗಿ ದೂರ ಹೋಗಬೇಕಿಲ್ಲ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ರಾಜಾಜಿನಗರದ ಜಿಟಿಟಿಸಿ, ಕೈಗಾರಿಕೆಗಳಿಗೆ ಉಪಕರಣ ತಯಾರಿಸಿಕೊಡುತ್ತಲೇ ವಿದ್ಯಾರ್ಥಿಗಳನ್ನು ಪಳಗಿಸುತ್ತ ಬಂದಿದೆ. ಐಟಿಐಗಳ ವೆಲ್ಡಿಂಗ್ ವಿಭಾಗಗಳೂ ಸರ್ಕಾರಿ ಶಾಲೆಗಳ ಬೆಂಚು, ಆಸ್ಪತ್ರೆಗಳ ಗ್ರಿಲ್ಲು, ಕಚೇರಿಗಳ ಗೇಟು ಮಾಡಿಕೊಡಬಹುದು. ಆದರೆ ಗಳಿಕೆ ಖಜಾನೆಗೆ ಜಮೆಯಾಗುವುದಾದರೆ ಯಾವ ಪ್ರಾಂಶುಪಾಲರು ಉತ್ಸಾಹ ತೋರಿಯಾರು? ಆ ಹಣವನ್ನು ಸಾಮಗ್ರಿ ಖರೀದಿಗೆ ಬಳಸಲು ಸಂಸ್ಥೆಗೇ ಅಧಿಕಾರ ಕೊಡಬೇಕು. ಪ್ರತಿ ವಿದ್ಯಾರ್ಥಿ ವರ್ಷದಲ್ಲಿ ಎಷ್ಟು ಕಿಲೋ ರಾಡು ಉರಿಸಿದ ಎಂಬುದನ್ನು ಪ್ರತಿ ಐಟಿಐ ತನ್ನ ಸೂಚನಾ ಫಲಕದಲ್ಲಿ ಪ್ರಕಟಿಸಲಿ. ಆರ್ಥಿಕ ಇಲಾಖೆಯ ಮುಂದಿನ ಮಿತವ್ಯಯ ಸುತ್ತೋಲೆ ಈ ಲೆಕ್ಕಶೀರ್ಷಿಕೆಯೊಂದನ್ನು ಮುಟ್ಟದಿರಲಿ.