201ನೇ ಯೂನಿಟ್‌ನ ಬೆಲೆ

ಗೃಹಜ್ಯೋತಿ ಯೋಜನೆಯಡಿ ತಿಂಗಳಿಗೆ ಪೂರ್ತಿ 200 ಯೂನಿಟ್ ಉಚಿತ ವಿದ್ಯುತ್ತಿಗೆ ಅರ್ಹತೆ ಇರುವ ಮನೆಯೊಂದು ಹೊಸಪೇಟೆಯಲ್ಲಿದೆ ಎಂದುಕೊಳ್ಳಿ. ಮೇ ತಿಂಗಳಲ್ಲಿ ಆ ಮನೆ 200 ಯೂನಿಟ್ ಬಳಸಿದರೆ ಬಿಲ್ ಸೊನ್ನೆ. 201 ಬಳಸಿತೋ, ಅಷ್ಟೂ ಯೂನಿಟ್‌ಗೆ ದುಡ್ಡು ಕಟ್ಟಬೇಕು. 2025–26ರ ದರವಾದ ₹5.80ರ ಲೆಕ್ಕದಲ್ಲಿ ವಿದ್ಯುತ್ ಶುಲ್ಕವೊಂದೇ ₹1,165 ದಾಟುತ್ತದೆ. ನಿಗದಿತ ಶುಲ್ಕ, ಸರ್‌ಚಾರ್ಜ್, ತೆರಿಗೆ ಬೇರೆ. ಆ ಕೊನೆಯ ಒಂದು ಯೂನಿಟ್ ಎಂದರೆ ಸಾಧಾರಣ ಕೂಲರ್ ಐದಾರು ಗಂಟೆ ತಿರುಗಿದ್ದು, ಅಷ್ಟೇ.

ಇಂತಹ ಲೆಕ್ಕ ಇರುವ ಊರಿಗೆ ಈಗ ಸ್ಮಾರ್ಟ್ ಪ್ಲಗ್, ವೈಫೈ ಸ್ವಿಚ್, ಮೊಬೈಲ್‌ನಿಂದ ನಡೆಸುವ ಎ.ಸಿ. ಎಲ್ಲವೂ ಬಂದಿವೆ. ಯಾವ ಉಪಕರಣ ಎಷ್ಟು ಹೊತ್ತಿಗೆ ಹೊತ್ತಬೇಕು, ಎಷ್ಟು ಹೊತ್ತಿಗೆ ಆರಬೇಕು ಎಂದು ವೇಳಾಪಟ್ಟಿ ಹಾಕಿಟ್ಟರೆ ಬಿಲ್ ತಾನಾಗಿ ಇಳಿಯುತ್ತದೆ ಎಂಬುದು ಮಾರುವವರ ಮಾತು. ಅದರಲ್ಲಿ ಅರ್ಧ ಸತ್ಯವಿದೆ. ವ್ಯರ್ಥವಾಗುತ್ತಿರುವ ಕರೆಂಟನ್ನು ವೇಳಾಪಟ್ಟಿ ತಡೆಯಬಲ್ಲದು. ಬಳಕೆಯನ್ನು ರಾತ್ರಿಯಿಂದ ಹಗಲಿಗೆ ಸರಿಸುವ ಕೆಲಸವನ್ನೂ ಅದು ಮಾಡಬಲ್ಲದು. ಆದರೆ ಹಾಗೆ ಸರಿಸಿದವರಿಗೆ ನಮ್ಮ ದರಪಟ್ಟಿ ನಯಾಪೈಸೆ ಕೊಡುವುದಿಲ್ಲ. ಮನೆಯ ಪ್ಲಗ್ ಜಾಣವಾಗುವ ಮೊದಲು ಬಿಲ್ ಜಾಣವಾಗಬೇಕಿದೆ.

ಮೊದಲು ಮನೆಯೊಳಗಿನ ಲೆಕ್ಕ. ಹದಿನೈದು ಲೀಟರ್ ಗೀಸರ್‌ನಲ್ಲಿ 25 ಡಿಗ್ರಿಯ ನೀರನ್ನು 55 ಡಿಗ್ರಿಗೆ ಕಾಯಿಸಲು ಬೇಕಾಗುವುದು ಹೆಚ್ಚುಕಡಿಮೆ ಅರ್ಧ ಯೂನಿಟ್. ಎರಡು ಕಿಲೋವಾಟ್‌ನ ಕಾಯಿಲ್ ಅದನ್ನು ಹದಿನೈದು–ಹದಿನಾರು ನಿಮಿಷದಲ್ಲಿ ಮುಗಿಸುತ್ತದೆ. ಬೆಳಿಗ್ಗೆ ಐದೂವರೆಗೆ ಹಾಕಿದ ಸ್ವಿಚ್ ಒಂಬತ್ತರವರೆಗೂ ಆರದಿದ್ದರೆ, ಟ್ಯಾಂಕ್ ತಣ್ಣಗಾದಂತೆಲ್ಲ ಥರ್ಮೋಸ್ಟಾಟ್ ಮತ್ತೆ ಮತ್ತೆ ಕಾಯಿಸುತ್ತಲೇ ಇರುತ್ತದೆ. ಇಲ್ಲಿ ಇಪ್ಪತ್ತು ನಿಮಿಷದ ಟೈಮರ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ನೀರಿನ ಮೋಟರಿಗೂ ಇದೇ ಮಾತು ಅನ್ವಯಿಸುತ್ತದೆ. ನಲ್ಲಿ ನೀರು ಬಂದ ದಿನ ಸಂಪ್ ತುಂಬಿಸಿ, ಮೇಲಿನ ಟ್ಯಾಂಕಿಗೆ ಏರಿಸಲು ಮೋಟರ್ ಹಾಕಿ ಮರೆತವರ ಮನೆಯಲ್ಲಿ ನೀರೂ ಕರೆಂಟೂ ಒಟ್ಟಿಗೆ ಚರಂಡಿಗೆ ಹೋಗುತ್ತವೆ. ಟ್ಯಾಂಕ್ ತುಂಬಿದ ಕೂಡಲೇ ಮೋಟರ್ ನಿಲ್ಲಿಸುವ ಕೆಲವೇ ನೂರು ರೂಪಾಯಿಯ ಸೆನ್ಸರ್‌ಗೆ ವೈಫೈ ಬೇಕಿಲ್ಲ.

ಬೇಸಿಗೆಯ ಲೆಕ್ಕ ಇದಕ್ಕಿಂತ ದೊಡ್ಡದು. ಹೊಸಪೇಟೆ, ಕಂಪ್ಲಿ ಕಡೆ ಏಪ್ರಿಲ್–ಮೇನಲ್ಲಿ ತಾಪಮಾನ ನಲವತ್ತರ ಗಡಿ ದಾಟುತ್ತದೆ. ಹಗಲಿಡೀ ಕಾದ ಆರ್‌ಸಿಸಿ ಚಾವಣಿ ಸಂಜೆಯ ನಂತರ ಆ ಶಾಖವನ್ನು ಕೋಣೆಗೆ ಬಿಡತೊಡಗುತ್ತದೆ. ಹಂಪಿ, ಕಮಲಾಪುರದ ಬಂಡೆಗಳ ನಡುವಿನ ಮನೆಗಳಲ್ಲಂತೂ ನಡುರಾತ್ರಿ ಕಳೆಯುವವರೆಗೆ ಗೋಡೆ ಮುಟ್ಟಿದರೆ ಬೆಚ್ಚಗೇ ಇರುತ್ತದೆ. ಒಂದೂವರೆ ಟನ್ ಎ.ಸಿ. ಗಂಟೆಗೆ ಮುಕ್ಕಾಲರಿಂದ ಒಂದು ಯೂನಿಟ್ ಎಳೆದರೂ, ರಾತ್ರಿ ಎಂಟು ಗಂಟೆಯಂತೆ ತಿಂಗಳಿಗೆ ಅದೊಂದೇ 200ರ ಆಸುಪಾಸಿಗೆ ತಲುಪುತ್ತದೆ. ಬೆಳಗಿನ ಜಾವ ಮೂರಕ್ಕೆ ಎ.ಸಿ. ಆರಿ ಫ್ಯಾನ್ ಮಾತ್ರ ತಿರುಗುವಂತೆ ವೇಳೆ ಹಾಕಿದರೆ ರಾತ್ರಿಗೆ ಒಂದೂವರೆ–ಎರಡು ಯೂನಿಟ್ ಉಳಿಯುತ್ತದೆ. ಕೋಣೆಯ ತಾಪಮಾನವನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಉಳಿತಾಯ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ. 2020ರ ಜನವರಿಯಿಂದ ಹೊಸ ಎ.ಸಿ.ಗಳು 24 ಡಿಗ್ರಿಗೆ ಹೊಂದಿಸಿಕೊಂಡೇ ಬರಬೇಕೆಂಬ ನಿಯಮದ ಹಿಂದಿರುವುದೂ ಇದೇ ಲೆಕ್ಕ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಎ.ಸಿ.ಯೇ ಬೇಕೇ? ಮಂಗಳೂರಿನ ಸೆಕೆಗೆ ಕೂಲರ್ ಏನೂ ಮಾಡದು, ಬಳ್ಳಾರಿ ಸೀಮೆಯ ಒಣ ಬಿಸಿಲಿಗೆ ಅದು ಹೇಳಿಮಾಡಿಸಿದ್ದು. ಎ.ಸಿ. ಒಂದು ಗಂಟೆಗೆ ತಿನ್ನುವ ಕರೆಂಟಿನಲ್ಲಿ ಕೂಲರ್ ನಾಲ್ಕೈದು ಗಂಟೆ ಓಡುತ್ತದೆ.

ಪ್ರಯೋಜನವಿಲ್ಲದ ಕಡೆಯೂ ಸ್ಮಾರ್ಟ್ ಪ್ಲಗ್ ಮಾರಾಟವಾಗುತ್ತಿದೆ. ವೈಫೈಗೆ ಸದಾ ಕಿವಿಗೊಟ್ಟು ಕೂರಲು ಆ ಪ್ಲಗ್ಗಿಗೇ ಸುಮಾರು ಒಂದು ವಾಟ್ ಬೇಕು. ತಿಂಗಳಿಗೆ ಮುಕ್ಕಾಲು ಯೂನಿಟ್ ಅಲ್ಲೇ ಹೋಯಿತು. ಮೊಬೈಲ್ ಚಾರ್ಜರ್‌ಗೆ ಅದನ್ನು ಸಿಕ್ಕಿಸಿದರೆ ಉಳಿತಾಯಕ್ಕಿಂತ ಖರ್ಚೇ ಹೆಚ್ಚು. ಟಿ.ವಿ. ಮತ್ತು ಸೆಟ್‌ಟಾಪ್ ಬಾಕ್ಸನ್ನು ರಾತ್ರಿ ಪೂರ್ತಿ ಆರಿಸುವುದು ಒಳ್ಳೆಯದು. ಆದರೆ ನಮ್ಮ ಮನೆಗಳಲ್ಲಿ ಪ್ರತಿ ಸಾಕೆಟ್ ಪಕ್ಕವೂ ಒಂದು ಸ್ವಿಚ್ ಇದ್ದೇ ಇರುತ್ತದೆ, ಕೈ ಚಾಚಿದರೆ ಸಾಕು. ಫ್ರಿಜ್ಜಿಗೆ ವೇಳಾಪಟ್ಟಿ ಹಾಕುವುದಂತೂ ಬೇಡವೇ ಬೇಡ. ಹಾಲು ಕೆಡುವ ಅಪಾಯಕ್ಕೆ ಹೋಲಿಸಿದರೆ ಉಳಿಯುವುದು ಅತ್ಯಲ್ಪ. ಹಳೆಯ 75 ವಾಟ್ ಫ್ಯಾನ್ ತೆಗೆದು 30–35 ವಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ, ದಿನಕ್ಕೆ ಹದಿನೈದು ಗಂಟೆ ತಿರುಗಿದರೂ ತಿಂಗಳಿಗೆ ಸುಮಾರು 18 ಯೂನಿಟ್ ಉಳಿಯುತ್ತದೆ. ಯಾವ ಆ್ಯಪ್‌ನ ನೆರವೂ ಬೇಕಿಲ್ಲ.

ಇಷ್ಟು ಮಾಡಿ ಉಳಿಸಿದ ಯೂನಿಟ್ ಎಲ್ಲಿಗೆ ಹೋಗುತ್ತದೆ? ಇಲ್ಲಿಂದ ಮಾತು ಮನೆಯಾಚೆಗೆ ಬರುತ್ತದೆ. 2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲಿ ಚಾಲನೆ ಪಡೆದ ಗೃಹಜ್ಯೋತಿ, 2022–23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿ ಪ್ರತಿ ಮನೆಯ ಉಚಿತ ಮಿತಿಯನ್ನು ಗೊತ್ತುಮಾಡಿತು. ತೀರಾ ಕಡಿಮೆ ಬಳಸುವವರಿಗೆ ಆಮೇಲೆ ಶೇ 10ರ ಬದಲು ಹತ್ತು ಯೂನಿಟ್ ಸೇರಿಸಲಾಯಿತು. ಬಡ ಮತ್ತು ಕೆಳಮಧ್ಯಮ ವರ್ಗದ ಲಕ್ಷಾಂತರ ಮನೆಗಳಿಗೆ ಇದರಿಂದ ದೊಡ್ಡ ನೆಮ್ಮದಿ ಸಿಕ್ಕಿದೆ. ಅದನ್ನು ಅಲ್ಲಗಳೆಯುವ ಮಾತೇ ಇಲ್ಲ. ತೊಡಕಿರುವುದು ಲೆಕ್ಕದಲ್ಲಿ. ವರ್ಷದ ಸರಾಸರಿ 80 ಯೂನಿಟ್ ಇದ್ದ ಮನೆಗೆ ತಿಂಗಳ ಮಿತಿ 88. ಡಿಸೆಂಬರಿನಲ್ಲಿ ಆ ಮನೆ 55 ಯೂನಿಟ್‌ನಲ್ಲೇ ತಿಂಗಳು ಕಳೆದರೆ ಉಳಿದ 33 ಯೂನಿಟ್ ಅಲ್ಲಿಗೇ ಮುಗಿಯಿತು. ಮೇ ತಿಂಗಳಲ್ಲಿ 130 ಬಳಸಿದರೆ ಹೆಚ್ಚಿನ 42ಕ್ಕೆ ಹಣ ಕಟ್ಟಬೇಕು. ಚಳಿಗೂ ಬಿಸಿಲಿಗೂ ಬಳಕೆಯಲ್ಲಿ ಅಂತರ ಕಡಿಮೆ ಇರುವ ಬೆಂಗಳೂರಿಗೆ ಇದು ಅಷ್ಟಾಗಿ ತಟ್ಟದು. ಬೇಸಿಗೆಯೇ ವರ್ಷದ ಬಳಕೆಯನ್ನು ತೀರ್ಮಾನಿಸುವ ಕಲ್ಯಾಣ ಕರ್ನಾಟಕಕ್ಕೆ ಚೆನ್ನಾಗಿಯೇ ತಟ್ಟುತ್ತದೆ. ಮಾಗಿಯಲ್ಲಿ ಉಳಿಸಿದ್ದಕ್ಕೆ ಮೆಚ್ಚುಗೆಯಿಲ್ಲ, ಮಿತಿಯೊಳಗೆ ಇರುವವರಿಗೆ ಇನ್ನಷ್ಟು ಇಳಿಸಲು ಕಾರಣವೂ ಇಲ್ಲ.

ಎರಡನೆಯ ತೊಡಕು ಹೊತ್ತಿಗೆ ಸಂಬಂಧಿಸಿದ್ದು. ಮಧ್ಯಾಹ್ನ ಹನ್ನೆರಡರ ಯೂನಿಟ್ಟೂ ರಾತ್ರಿ ಎಂಟರ ಯೂನಿಟ್ಟೂ ವಿದ್ಯುತ್ ಜಾಲದ ಪಾಲಿಗೆ ಒಂದೇ ಅಲ್ಲ. ಹಗಲಿನಲ್ಲಿ ಪಾವಗಡದ ಸೌರ ಪಾರ್ಕ್‌ನಂಥ ಕಡೆಗಳಿಂದ ಅಗ್ಗದ ವಿದ್ಯುತ್ ಹರಿಯುತ್ತದೆ. ಸೂರ್ಯ ಮುಳುಗಿದ ಮೇಲೆ ಕುಡಿತಿನಿಯ 1,700 ಮೆಗಾವಾಟ್ ಉಷ್ಣ ಸ್ಥಾವರದಂಥವು ಕಲ್ಲಿದ್ದಲು ಸುಟ್ಟು ಹೊರೆ ಹೊರಬೇಕು; ಸಾಲದಿದ್ದರೆ ಹೊರಗಿನಿಂದ ಕೊಳ್ಳಬೇಕು. ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ಬೇಸಿಗೆಯ ರಾತ್ರಿಗಳಲ್ಲಿ ದರವು ಯೂನಿಟ್‌ಗೆ ₹10ರ ಗರಿಷ್ಠ ಮಿತಿಯನ್ನು ಮುಟ್ಟುವುದುಂಟು. ಈ ಭಾಗಕ್ಕೆ ವಿದ್ಯುತ್ ಪೂರೈಸುವ ಜೆಸ್ಕಾಂನ ಬಿಲ್‌ನಲ್ಲಿ ಮಾತ್ರ ಎರಡಕ್ಕೂ ಒಂದೇ ಬೆಲೆ. ಸೌರ ವಿದ್ಯುತ್ ಸಿಗುವ ಹೊತ್ತಿನಲ್ಲಿ ದರವನ್ನು ಕನಿಷ್ಠ ಶೇ 20ರಷ್ಟು ಇಳಿಸಿ, ಬೇಡಿಕೆ ಹೆಚ್ಚಿರುವ ಹೊತ್ತಿನಲ್ಲಿ ಏರಿಸಬೇಕೆಂದು ಕೇಂದ್ರ ಸರ್ಕಾರ 2023ರ ಜೂನ್‌ನಲ್ಲೇ ನಿಯಮ ತಿದ್ದಿತು. ಕೃಷಿ ಬಿಟ್ಟು ಉಳಿದೆಲ್ಲ ಬಳಕೆದಾರರಿಗೆ 2025ರ ಏಪ್ರಿಲ್‌ನ ಗಡುವನ್ನೂ ಕೊಟ್ಟಿತು. ನಮ್ಮಲ್ಲಿ ದೊಡ್ಡ ಕೈಗಾರಿಕೆಗಳಿಗೆ ಇಂಥ ದರ ಹೊಸದಲ್ಲ. ಮನೆಗಳಿಗೆ ಅದು ಬಂದಿಲ್ಲ.

ಬಂದರೆ ಮೊದಲು ಅನುಕೂಲವಾಗುವುದು ಸಂಡೂರಿಗೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ದೋಣಿಮಲೈ ಗಣಿಗಳಲ್ಲಿ ಪಾಳಿಯ ಮೇಲೆ ದುಡಿಯುವವರ ಮನೆಗಳಲ್ಲಿ ದಿನಚರಿಯೇ ಬೇರೆ. ನೈಟ್ ಶಿಫ್ಟ್ ಮುಗಿಸಿ ಬಂದವರು ಕಿಟಕಿ ಮುಚ್ಚಿ, ಕೂಲರ್ ಹಾಕಿಕೊಂಡು ಮಲಗುವುದು ನಡುಹಗಲಿನಲ್ಲಿ. ಸೌರ ವಿದ್ಯುತ್ ಧಾರಾಳವಾಗಿ ಸಿಗುವ ಹೊತ್ತಿಗೇ ಬಳಸುವ ಇವರಿಗೆ ಬಿಲ್‌ನಲ್ಲಿ ಇಂದು ಯಾವ ರಿಯಾಯಿತಿಯೂ ಇಲ್ಲ. ಹಂಪಿಯ ಹೋಂಸ್ಟೇಗಳೂ ಹೀಗೆಯೇ. ಸ್ಮಾರಕ ನೋಡಲು ಬೆಳಿಗ್ಗೆ ಹೊರಟವರ ಕೋಣೆಯ ಎ.ಸಿ. ತಾನಾಗಿ ಆರಿ, ಬಿಸಿಲಿಗೆ ಬಳಲಿ ಮರಳುವ ಮೊದಲು ಮೂರು ಗಂಟೆಗೆ ಮತ್ತೆ ಹೊತ್ತುವಂತೆ ಮಾಡಲು ಈಗಿರುವ ಸಾಧನಗಳೇ ಸಾಕು.

ಹಾಗೆಂದು ಎಲ್ಲರೂ ಒಂದೇ ವೇಳೆಗೆ ಸ್ವಿಚ್ ಹಾಕಿದರೆ ಏನಾಗುತ್ತದೆ ಎಂಬುದನ್ನು ಕಂಪ್ಲಿಯ ರೈತರನ್ನು ಕೇಳಬೇಕು. ಮನೆಗಳಿಗೆ ಸ್ಮಾರ್ಟ್ ಪ್ಲಗ್ ಬರುವ ಎಷ್ಟೋ ಮೊದಲೇ ಭತ್ತ, ಬಾಳೆಯ ಹೊಲಗಳಿಗೆ ಆಟೋ ಸ್ಟಾರ್ಟರ್, ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಬಂದಿದ್ದವು. ತ್ರೀಫೇಸ್ ಕರೆಂಟ್ ಪಾಳಿಯಂತೆ, ಎಷ್ಟೋ ಸಲ ಅಪರಾತ್ರಿಯಲ್ಲಿ ಬರುತ್ತದೆ. ಹಾವು, ಚೇಳಿನ ಭಯದಲ್ಲಿ ಟಾರ್ಚ್ ಹಿಡಿದು ಹೋಗಿ ಬಟನ್ ಒತ್ತುವ ಕಷ್ಟವನ್ನು ಆ ಪೆಟ್ಟಿಗೆ ತಪ್ಪಿಸಿತು. ಆದರೆ ಲೈನ್‌ನಲ್ಲಿ ಕರೆಂಟ್ ಬಂದ ಕ್ಷಣವೇ ಒಂದು ಟ್ರಾನ್ಸ್‌ಫಾರ್ಮರಿನ (ಟಿ.ಸಿ.) ಅಡಿಯ ಅಷ್ಟೂ ಪಂಪ್‌ಸೆಟ್ ಒಮ್ಮೆಲೆ ಎದ್ದು ನಿಲ್ಲುತ್ತವೆ. ಮೋಟರ್ ಹೊರಡುವಾಗ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ, ಫ್ಯೂಸ್ ಹೋಗುತ್ತದೆ, ಕೊನೆಗೊಮ್ಮೆ ಟಿ.ಸಿ.ಯೇ ಸುಡುತ್ತದೆ. ಬದಲಿ ಬರುವವರೆಗೆ ಬೆಳೆ ಬಾಯಾರಿ ನಿಲ್ಲುತ್ತದೆ. ಆಟೋ ಸ್ಟಾರ್ಟರ್ ತೆಗೆಯಿರಿ ಎಂದು ಎಂಜಿನಿಯರುಗಳು ಗೋಗರೆಯುವುದು ಇದಕ್ಕೇ. ಪ್ರತಿ ಪಂಪ್ ಒಂದೆರಡು ನಿಮಿಷ ಹಿಂದೆಮುಂದಾಗಿ ಹೊರಡುವಂತೆ ಡಿಲೇ ಟೈಮರ್ ಹಾಕಿ ಹೊಂದಿಸಿದರೆ ಸಮಸ್ಯೆ ಬಹುಪಾಲು ತಗ್ಗುತ್ತದೆ. ಆದರೆ ಯಾರದು ಮೊದಲು, ಯಾರದು ಆಮೇಲೆ ಎಂದು ಹೊಲಹೊಲದಲ್ಲಿ ತೀರ್ಮಾನಿಸುವವರು ಯಾರು?

ನಾಳೆ ಹಗಲು ಹತ್ತಕ್ಕೆ ಅಗ್ಗದ ದರ ಶುರು ಎಂದರೆ ಹೊಸಪೇಟೆಯ ಸಾವಿರಾರು ಗೀಸರ್, ವಾಷಿಂಗ್ ಮಷಿನ್, ಮೋಟರ್ ಹತ್ತಕ್ಕೇ ಹೊತ್ತಿಕೊಳ್ಳುತ್ತವೆ. ಫ್ರಾನ್ಸ್ ಈ ಪಾಠವನ್ನು ಬಹಳ ಹಿಂದೆಯೇ ಕಲಿತಿದೆ. ಅಲ್ಲಿ 1960ರ ದಶಕದಿಂದ ಮನೆಯ ಗೀಸರ್‌ಗಳು ವಿದ್ಯುತ್ ಕಂಪನಿ ತಂತಿಯಲ್ಲೇ ಕಳಿಸುವ ಸಂಕೇತಕ್ಕೆ ಹೊತ್ತಿ ಆರುತ್ತವೆ, ಅಗ್ಗದ ದರದ ವೇಳೆಯೂ ಊರಿಂದೂರಿಗೆ ಬೇರೆ. ಅಲ್ಲಿ ವೇಳೆ ನಿಗದಿ ಮಾಡುವುದು ಜಾಲದ ಹೊರೆ ಬಲ್ಲವರು. ಗ್ರಾಹಕರಿಗೆ ಸಿಗುವುದು ಕಡಿಮೆ ಬಿಲ್.

ಹೊತ್ತಿಗೊಂದು ದರ ಎಂಬುದಕ್ಕೆ ಆಕ್ಷೇಪಗಳಿವೆ. ತಿಂಗಳಿಗೆ ನಲವತ್ತೈವತ್ತು ಯೂನಿಟ್ ಬಳಸುವ ಮನೆಗೆ ಸರಿಸಲು ಇರುವುದಾದರೂ ಏನು? ಎರಡು ಫ್ಯಾನ್, ನಾಲ್ಕು ಬಲ್ಬ್, ಒಂದು ಟಿ.ವಿ. ಸಂಜೆಯ ದರ ಏರಿಸಿದರೆ ಅವರಿಗೆ ಅದು ಬರೀ ದಂಡ. ದಿನವಿಡೀ ಕೂಲಿಗೆ ಹೋಗುವ ಹೆಂಗಸು ಮಿಕ್ಸಿ ಹಾಕುವುದು ಸಂಜೆಗೇ. ಆಕೆಯ ಹೊತ್ತನ್ನು ದರಪಟ್ಟಿ ಬದಲಿಸಲಾರದು. ಯಾವ ಹೊತ್ತಿನಲ್ಲಿ ಎಷ್ಟು ಬಳಕೆ ಎಂದು ಅಳೆಯಲು ಬೇಕಾದ ಸ್ಮಾರ್ಟ್ ಮೀಟರ್ ಬಗ್ಗೆಯೂ ಜನರಲ್ಲಿ ಸಿಟ್ಟಿದೆ. 2025ರಲ್ಲಿ ಹೊಸ ಸಂಪರ್ಕಗಳಿಗೆ ಅದನ್ನು ಕಡ್ಡಾಯ ಮಾಡಿ, ಸಿಂಗಲ್ ಫೇಸ್ ಮೀಟರಿಗೇ ಸುಮಾರು ಐದು ಸಾವಿರ ರೂಪಾಯಿ ಹೇರಿದ್ದು ವಿವಾದವಾಗಿ ಹೈಕೋರ್ಟ್ ಮೆಟ್ಟಿಲೇರಿತು. ಈ ಯಾವ ಆಕ್ಷೇಪವೂ ಹುರುಳಿಲ್ಲದ್ದಲ್ಲ. ಆದ್ದರಿಂದ ಹೊತ್ತಿನ ದರ ಮನೆಗಳಿಗೆ ಕಡ್ಡಾಯವಾಗಬಾರದು, ಬೇಕಾದವರು ಆರಿಸಿಕೊಳ್ಳುವಂತಿರಬೇಕು. ಹಗಲಿಗೆ ರಿಯಾಯಿತಿ ಇರಲಿ, ಸಣ್ಣ ಬಳಕೆದಾರರಿಗೆ ಸಂಜೆಯ ದಂಡ ಬೇಡ. ಆರಿಸಿಕೊಂಡವರಿಗೆ ಮೀಟರಿನ ಖರ್ಚನ್ನು ಕಂಪನಿಯೇ ಹೊರಲಿ. ಸಂಜೆಯ ದುಬಾರಿ ಖರೀದಿ ತಪ್ಪಿದರೆ ಲಾಭ ಅದಕ್ಕೇ ತಾನೆ.

ಗೃಹಜ್ಯೋತಿಗೂ ಸಣ್ಣದೊಂದು ತಿದ್ದುಪಡಿ ಸಾಕು. ಉಚಿತ ಮಿತಿಯನ್ನು ತಿಂಗಳ ಬದಲು ವರ್ಷಕ್ಕೆ ಲೆಕ್ಕ ಹಾಕಿದರೆ, ಡಿಸೆಂಬರಿನಲ್ಲಿ ಉಳಿದ ಯೂನಿಟ್ ಮೇ ತಿಂಗಳ ಬಿಸಿಲಿಗೆ ಒದಗುತ್ತದೆ. ಎಲ್ಲರೂ ಮಿತಿಯನ್ನು ಪೂರ್ತಿ ಬಳಸಿಯೇ ಬಳಸುತ್ತಾರೆಂದು ಇಟ್ಟುಕೊಂಡರೂ ಸರ್ಕಾರ ಹೊರುವುದು ತಾನೇ ಒಪ್ಪಿಕೊಂಡ ಮೊತ್ತವನ್ನು ಮಾತ್ರ. 200 ದಾಟಿದವರಿಗೆ ಪೂರ್ತಿ ಬಿಲ್ ಎಂಬ ನಿಯಮವನ್ನೂ ಮೆಟ್ಟಿಲುಮೆಟ್ಟಿಲಾಗಿ ಸಡಿಲಿಸಬಹುದು. ಇನ್ನು ಕಂಪ್ಲಿಯಂಥ ನೀರಾವರಿ ಸೀಮೆಯಲ್ಲಿ, ಆಟೋ ಸ್ಟಾರ್ಟರ್ ವಿರುದ್ಧ ಉಪದೇಶ ಮಾಡುವ ಬದಲು ಪ್ರತಿ ಟಿ.ಸಿ.ಗೆ ಪಂಪ್‌ಗಳ ಸರದಿಯನ್ನು ಜೆಸ್ಕಾಂ ಸಿಬ್ಬಂದಿಯೇ ರೈತರ ಜೊತೆ ಕೂತು ಹೊಂದಿಸಿಕೊಡಲಿ. ಒಂದು ಟಿ.ಸಿ. ಸುಟ್ಟಾಗ ಆಗುವ ಖರ್ಚಿನ ಮುಂದೆ ಅದು ಏನೇನೂ ಅಲ್ಲ.

ಈ ಬದಲಾವಣೆಗಳಾಗುವವರೆಗೂ ಸ್ಮಾರ್ಟ್ ಪ್ಲಗ್ ಕೊಳ್ಳುವವರು ಗೀಸರ್, ಎ.ಸಿ.ಯ ಆಚೆಗೆ ಹೆಚ್ಚೇನೂ ನಿರೀಕ್ಷಿಸಬೇಕಿಲ್ಲ. ಕೈಯಲ್ಲಿ ಒಂದೆರಡು ಸಾವಿರ ರೂಪಾಯಿ ಇದ್ದರೆ ಮೊದಲು ಫ್ಯಾನ್ ಬದಲಿಸುವುದು ಲೇಸು. ಬೇಡಿಕೆ ಇಳಿಸಿ ಎಂದು ಪ್ರತಿ ಬೇಸಿಗೆಯಲ್ಲೂ ಜನರಿಗೆ ಮನವಿ ಮಾಡುವ ಸರ್ಕಾರ ಮತ್ತು ದರ ನಿಗದಿ ಮಾಡುವ ಕೆಇಆರ್‌ಸಿ, ಆ ಮನವಿಗೆ ಓಗೊಟ್ಟವರ ಬಿಲ್‌ನಲ್ಲಿ ಅದು ಕಾಣುವಂತೆ ಮಾಡುವ ಹೊಣೆಯನ್ನೂ ಹೊರಲಿ.