ಕೌದಿ ಸರಣಿ, ಭಾಗ 3: ‘ಸಿಕ್ಕ ಬಟ್ಟೆ ಸೇರಿಸಿ ಹೊಲಿದ್ರೆ ಆಯ್ತು’ ಅನ್ನೋರಿಗೆ

“ಹಳೇ ಸೀರೆ ತುಂಡಿಗೆ ಇಷ್ಟು ರೇಟಾ? ಅದ್ರಲ್ಲಿ ಡಿಸೈನ್ ಏನಿದೆ?” ಹೋದ ಭಾಗಕ್ಕೆ ಬಂದ ಕಾಮೆಂಟು ಇದು. ಉತ್ತರ ಕೊಡ್ತೀನಿ, ಪೂರ್ತಿ ಓದಿ.

ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಕೌದಿ ಹೊಲಿಯೋದನ್ನ ನೋಡಿದ್ದೀರಾ? ಮೂಲೆಯಿಂದ ಶುರು ಮಾಡಿ, ಅಂಚು ಹಿಡಿದು ಸುತ್ತುತ್ತಾ ನಡುವಿಗೆ ಬರ್ತಾರೆ. ಕಾಗದದ ಮೇಲೆ ನಕ್ಷೆ ಇಲ್ಲ. ಒಂದು ತುಂಡು ಕೂತ ಮೇಲೇ ಪಕ್ಕದ್ದು ಯಾವ ಬಣ್ಣ ಅನ್ನೋ ತೀರ್ಮಾನ. ಇದು ಡಿಸೈನ್ ಅಲ್ಲದೆ ಮತ್ತೇನು?

ನಂಬಿಕೆ ಬರ್ಲಿಲ್ವಾ? ನೀವೇ ಮಾಡಿ ನೋಡಿ. ಒಂಬತ್ತು ಚೌಕ ತಗೊಳ್ಳಿ: ಐದು ಕೆಂಪು, ನಾಲ್ಕು ಬಿಳಿ. ನಡುವೆ ಒಂದು, ನಾಲ್ಕು ಮೂಲೆಗೆ ನಾಲ್ಕು ಕೆಂಪು ಇಟ್ರೆ ಗುಣಿಸೋ ಗುರುತು. ಮೂಲೆಯ ಕೆಂಪನ್ನ ಬದಿಗೆ ಸರಿಸಿದ್ರೆ ಕೂಡೋ ಗುರುತು. ಬಟ್ಟೆ ಅದೇ, ಖರ್ಚೂ ಅದೇ. ಬದಲಾಗಿದ್ದು ಬಣ್ಣದ ಜಾಗ ಮಾತ್ರ. ಆ ಜಾಗ ಗೊತ್ತುಮಾಡೋ ಕಣ್ಣಿಗೇ ನೀವು ದುಡ್ಡು ಕೊಡಬೇಕಾಗಿರೋದು.

ಬಿಕಾಂನಲ್ಲಿ ನಮಗೆ ಕಲಿಸೋ ಕಾಸ್ಟಿಂಗ್ ಸರಳ: ಸಾಮಗ್ರಿ, ಕೂಲಿ, ಇತರೆ ಖರ್ಚು. ಕೌದಿ ವಿಷಯಕ್ಕೆ ಬಂದ್ರೆ ನೀವು ಸಾಮಗ್ರಿಗೇ ಲೆಕ್ಕ ಮುಗಿಸ್ತೀರಿ. ಹಳೇ ಬಟ್ಟೆ, ಅಂದ್ರೆ ಸೊನ್ನೆ. ಸಾಲು ಸಾಲು ಕೈಹೊಲಿಗೆ ಹಾಕಿದ ಬೆರಳಿನ ಕೂಲಿ ಯಾವ ಕಾಲಂನಲ್ಲಿ ಬರೀತೀರಿ?

“ನಮ್ಮಜ್ಜಿ ಪುಕ್ಕಟೆ ಹೊಲಿದು ಕೊಡ್ತಿದ್ರು” ಅಂತೀರಾ? ಅಜ್ಜಿ ಮೊಮ್ಮಕ್ಕಳಿಗೆ ತೋರಿಸಿದ ಪ್ರೀತಿ, ಅಂಗಡಿಯಲ್ಲಿ ನಿಮಗೆ ಸಿಗೋ ಡಿಸ್ಕೌಂಟ್ ಅಲ್ಲ.

ಮುಂದಿನ ಸಲ ಕೊಳ್ಳುವಾಗ ಮೊದಲು ಕೇಳಿ: “ಹೊಲಿಯೋಕೆ ಎಷ್ಟು ದಿನ ಹಿಡೀತಮ್ಮ?” ಆಮೇಲೂ ಚೌಕಾಸಿ ಮಾಡೋ ಮನಸ್ಸಿದ್ರೆ ಮಾಡಿ.

#ಕೌದಿ #ಕೈಹೊಲಿಗೆ #ಕೂಲಿಯೂಲೆಕ್ಕ