ಕಿರಿಯರ ಕೈಗೆ ಯಾವ ಕಾದಂಬರಿ?

ಅಜ್ಜಂಪುರದ ಕಡೆಯ ಹಿರಿಯ ಪ್ರಾಥಮಿಕ ಶಾಲೆಯೊಂದರ ಉಪಾಧ್ಯಾಯರು ಕಳೆದ ತಿಂಗಳು ನನಗೊಂದು ಕಾಗದ ಬರೆದಿದ್ದರು. ಊರಿನ ದಾನಿಗಳೊಬ್ಬರು ಶಾಲೆಯ ಪುಸ್ತಕದ ಬೀರುವಿಗೆಂದು ಸ್ವಲ್ಪ ಹಣ ಕೊಟ್ಟಿದ್ದಾರೆಂದೂ, ಆರು, ಏಳು, ಎಂಟನೆಯ ತರಗತಿಯ ಮಕ್ಕಳು ಓದಬಹುದಾದ ಹತ್ತು ಕಾದಂಬರಿಗಳ ಹೆಸರನ್ನು ಸೂಚಿಸಬೇಕೆಂದೂ, ಅವು ನೀತಿಬೋಧಕವಾಗಿದ್ದರೆ ಮತ್ತೂ ಉತ್ತಮವೆಂದೂ ಅದರ ಒಕ್ಕಣೆ. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸವೆಂದು ಲೇಖನಿ ಹಿಡಿದೆ. ಹತ್ತು ದಿನಗಳಾದರೂ ಉತ್ತರ ಮುಗಿಯಲಿಲ್ಲ. ಪುಸ್ತಕಗಳ ಹೆಸರು ತೋಚದೆ ನಾನು ತಡೆದುದಲ್ಲ. ಇದೇ ಸೀಮೆಯಲ್ಲಿ ಹಿಂದೊಮ್ಮೆ ಪುಸ್ತಕ ಸೂಚಿಸಲು ಹೋಗಿ ನಾನು ಮಾಡಿದ ಒಂದು ತಪ್ಪು ಅಡ್ಡ ಬಂದಿತು. ಅದನ್ನು ಹೇಳಿಕೊಳ್ಳದೆ ಪಟ್ಟಿ ಕೊಡುವುದು ಪ್ರಾಮಾಣಿಕವಾಗದು.

ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಹೊರಗಿನವರ ಕಣ್ಣಿಗೆ ಕಾಫಿ ತೋಟವೂ ಮಂಜು ಕವಿದ ಗಿರಿಯೂ ಕಟ್ಟುತ್ತವೆ. ಕಡೂರು, ತರೀಕೆರೆ, ಅಜ್ಜಂಪುರಗಳನ್ನು ಬಲ್ಲವರಿಗೆ ಆ ಚಿತ್ರ ಅರ್ಧ ಸತ್ಯ. ಕಡೂರು ತೆಂಗು, ರಾಗಿ ಮತ್ತು ಬರಗಾಲಗಳ ಬಯಲು. ತರೀಕೆರೆ ಮಲೆನಾಡಿನ ಹೊಸ್ತಿಲು. ಅಜ್ಜಂಪುರ ಅಮೃತಮಹಲ್ ದನಗಳ ಕಾವಲಿಗೂ ಈರುಳ್ಳಿಯ ಹೊಲಗಳಿಗೂ ಹೆಸರಾದದ್ದು. ಬೀರೂರಿನಲ್ಲಿ ರೈಲುದಾರಿ ಕವಲೊಡೆದು ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೂ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗದ ಕಡೆಗೂ ಹೋಗುತ್ತದೆ. ಹನ್ನೊಂದರಿಂದ ಹದಿನಾಲ್ಕರ ವಯಸ್ಸೂ ಇಂತಹುದೇ ಒಂದು ಜಂಕ್ಷನ್ ಎಂದು ನನಗೆ ಅನೇಕ ಸಲ ತೋರಿದೆ. ಅಲ್ಲಿ ಹಿಡಿದ ದಾರಿಯಲ್ಲಿ ಕೆಲವರು ಜೀವಮಾನದ ಓದುಗರಾಗುತ್ತಾರೆ. ಕೆಲವರು ಪಠ್ಯಪುಸ್ತಕವನ್ನು ಬಿಟ್ಟು ಮತ್ತೊಂದನ್ನು ಮುಟ್ಟುವುದೇ ಇಲ್ಲ.

ಪುಟ್ಟ ಮಕ್ಕಳಿಗೆ ಕನ್ನಡದಲ್ಲಿ ಸಾಮಗ್ರಿಯ ಕೊರತೆಯಿಲ್ಲ. ಪಂಜೆ ಮಂಗೇಶರಾಯರ ಕಥೆಗಳಿವೆ, ರಾಜರತ್ನಂ ಅವರ ಶಿಶುಗೀತೆಗಳಿವೆ, ಕುವೆಂಪು ಅವರ ಕಿಂದರಿಜೋಗಿಯಿದ್ದಾನೆ. ದೊಡ್ಡವರಿಗಂತೂ ಕಾದಂಬರಿಗಳ ಭಂಡಾರವೇ ಇದೆ. ನಡುವಿನ ಮೂರು ವರ್ಷಗಳು ಮಾತ್ರ ಬರಡಾಗಿ ಉಳಿಯುತ್ತವೆ. ಹಿಂದೆ ಆ ಅಂತರವನ್ನು ‘ಚಂದಮಾಮ’ ತುಂಬುತ್ತಿತ್ತು. ಈಗ ಆ ಪತ್ರಿಕೆಯೂ ಇಲ್ಲ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆ ಪುಸ್ತಕಗಳನ್ನು ಮನೆಯ ಹಿರಿಯರು ಗಟ್ಟಿಯಾಗಿ ಓದುವಾಗ ಕಂಬದ ಮರೆಯಲ್ಲಿ ಕುಳಿತ ಮಕ್ಕಳೂ ಕೇಳಿಸಿಕೊಳ್ಳುತ್ತಿದ್ದರು. ಇಂದು ಆ ಜಾಗವನ್ನು ಮೊಬೈಲು ಹಿಡಿದಿದೆಯೆಂದು ದೂರುತ್ತೇವೆ. ಜಾಗವನ್ನು ಖಾಲಿ ಬಿಟ್ಟವರು ನಾವೇ ಎಂಬುದನ್ನು ಮರೆಯುತ್ತೇವೆ.

ಇನ್ನು ನನ್ನ ತಪ್ಪಿನ ವಿಷಯ. ಸುಮಾರು ಮೂವತ್ತು ವರ್ಷಗಳ ಹಿಂದೆ ಈ ಮೂರು ಊರುಗಳ ನಡುವಿನ ಒಂದು ಹಳ್ಳಿಯಲ್ಲಿ ನಾನು ಉಪಾಧ್ಯಾಯನಾಗಿದ್ದೆ. ಏಳನೆಯ ತರಗತಿಯಲ್ಲಿ ಅಡಿಕೆ ತೋಟಕ್ಕೆ ಕೂಲಿಗೆ ಹೋಗುತ್ತಿದ್ದ ದಲಿತ ದಂಪತಿಗಳ ಮಗನೊಬ್ಬನಿದ್ದ. ಅವನಷ್ಟು ಸ್ಪಷ್ಟವಾಗಿ, ಅರ್ಥ ತಿಳಿದು ಓದುವವರು ಇಡೀ ಶಾಲೆಯಲ್ಲಿ ಇರಲಿಲ್ಲ. ಬೀರುವಿನ ಪುಸ್ತಕಗಳನ್ನು ಒಂದೊಂದಾಗಿ ಮುಗಿಸುತ್ತ ಬಂದಿದ್ದ ಅವನಿಗೆ ನಾನು ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಕೊಟ್ಟೆ. ಕೊಟ್ಟು ಸುಮ್ಮನಿರಲಿಲ್ಲ. ಶನಿವಾರ ಬೆಳಗಿನ ಅವಧಿಯಲ್ಲಿ ಅವನನ್ನು ಎದುರಿಗೆ ನಿಲ್ಲಿಸಿ, ಚೋಮನ ಮಗ ನೀಲ ನೀರಿನಲ್ಲಿ ಮುಳುಗುವ ಭಾಗವನ್ನು ತರಗತಿಗೆಲ್ಲ ಓದಿ ಹೇಳೆಂದೆ. ದಡದಲ್ಲಿ ಜನರಿದ್ದೂ, ಮೈಲಿಗೆಯ ಭಯದಿಂದ ಆ ಮಗುವಿಗೆ ಒಂದು ಕೈ ದೊರೆಯದೆ ಹೋಗುವ ಪ್ರಸಂಗವದು.

ಹುಡುಗ ಒಂದೆರಡು ಪುಟ ಚೆನ್ನಾಗಿಯೇ ಓದಿದ. ಅಷ್ಟರಲ್ಲಿ ಮುಂದಿನ ಸಾಲಿನ ನಾಲ್ಕಾರು ತಲೆಗಳು ಮೇಲೆದ್ದು ಅವನ ಮುಖವನ್ನು ನೋಡಿದವು. ಅವನೂ ಅದನ್ನು ನೋಡಿದ. ಹಿಡಿದ ವಾಕ್ಯವನ್ನು ಮುಗಿಸಿ, ಪುಸ್ತಕವನ್ನು ಮುಚ್ಚಿ, ನನ್ನ ಮೇಜಿನ ಮೇಲಿಟ್ಟು ಹೋಗಿ ಕುಳಿತ. ಕರುಣರಸದಿಂದ ಅವನ ಗಂಟಲು ಕಟ್ಟಿತೆಂದು ಭಾವಿಸಿದ ನಾನು ಮಹಾಕೃತಿಯ ಶಕ್ತಿಯನ್ನು ಕುರಿತು ಹತ್ತು ನಿಮಿಷ ಉಪನ್ಯಾಸ ಮಾಡಿದೆ! ಸೋಮವಾರ ಅವನು ಬೀರುವಿನ ಬಳಿಗೆ ಬರಲಿಲ್ಲ. ಆ ವರ್ಷ ಮತ್ತೆ ಪುಸ್ತಕ ಕೇಳಲೂ ಇಲ್ಲ. ವರ್ಗಾವಣೆ ಪತ್ರಕ್ಕೆಂದು ಬಂದ ದಿನ, “ಏಕಪ್ಪಾ, ಆ ಪುಸ್ತಕ ಹಿಡಿಸಲಿಲ್ಲವೇ?” ಎಂದು ಕೇಳಿದೆ. “ಪುಸ್ತಕ ಚೆನ್ನಾಗಿತ್ತು ಸಾರ್. ಮನೇಲಿ ಒಬ್ಬನೇ ಓದಿದ್ರೆ ಇನ್ನೂ ಚೆನ್ನಾಗಿರ್ತಿತ್ತು” ಎಂದ. ಆ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ, ಇಂದೂ ಇಲ್ಲ.

ಇದರಿಂದ ಅಂತಹ ಕಾದಂಬರಿಯನ್ನು ಮಕ್ಕಳಿಗೆ ಕೊಡಲೇಬಾರದೆಂದು ತೀರ್ಮಾನಿಸುವವರುಂಟು. ಅದು ಹೇಡಿತನದ ತೀರ್ಮಾನ. 1933ರಲ್ಲಿ ಬಂದ ಆ ಪುಸ್ತಕವನ್ನು ಅಂದು ತಲೆಯೆತ್ತಿ ನೋಡಿದ ಮಕ್ಕಳೇ ಎಲ್ಲರಿಗಿಂತ ಮೊದಲು ಓದಬೇಕಾಗಿತ್ತು. ತಪ್ಪು ಪುಸ್ತಕದ್ದಲ್ಲ, ಕೊಟ್ಟ ನನ್ನದು. ಕಾದಂಬರಿಯ ಓದು ಮೂಲತಃ ಏಕಾಂತದ ಕೆಲಸ. ಮಗುವೊಂದು ಕಥೆಯೊಳಗಿನ ದುಃಖದಲ್ಲಿ ತನ್ನ ಮನೆಯ ದುಃಖವನ್ನು ಗುರುತಿಸುವುದಾದರೆ, ಅದನ್ನು ನಾಲ್ಕು ಜನರ ಕಣ್ಣಿಗೆ ಬೀಳದಂತೆ ಗುರುತಿಸುವ ಹಕ್ಕು ಅದಕ್ಕಿದೆ. ನಾನು ಆ ಹಕ್ಕನ್ನು ಕಸಿದುಕೊಂಡೆ.

ಆದುದರಿಂದ ಉಪಾಧ್ಯಾಯ ಮಹಾಶಯರಲ್ಲಿ ನನ್ನ ಮೊದಲ ವಿನಂತಿ, ನೀತಿಬೋಧಕ ಎಂಬ ಷರತ್ತನ್ನು ದಯವಿಟ್ಟು ಕೈಬಿಡಿ. ನೀತಿಗಾಗಿಯೇ ಬರೆದ ಪುಸ್ತಕದ ವಾಸನೆಯನ್ನು ಹನ್ನೆರಡು ವರ್ಷದ ಹುಡುಗಿ ಮೊದಲ ಪುಟದಲ್ಲೇ ಹಿಡಿಯುತ್ತಾಳೆ. ಎರಡನೆಯದಾಗಿ, ಕೊಡುವ ಪುಸ್ತಕವನ್ನು ತಾವು ಈಚೆಗೆ ಪೂರ್ತಿಯಾಗಿ ಓದಿರಬೇಕು. ಇಪ್ಪತ್ತು ವರ್ಷದ ಹಿಂದಿನ ನೆನಪು ಸಾಲದು. ಮೂರನೆಯದಾಗಿ, ಓದಿದ ಮೇಲೆ ಸಾರಾಂಶ ಬರೆ, ನೀತಿ ಹೇಳು ಎಂದು ಕೇಳಕೂಡದು. ಕೊನೆಯದಾಗಿ, ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಹಿಂದಿರುಗಿಸುವ ಸ್ವಾತಂತ್ರ್ಯವಿರಬೇಕು. ಊಟದಲ್ಲಿ ಎಲೆಯ ಮೇಲೆ ಬಿಡುವುದನ್ನು ತಪ್ಪೆನ್ನಬಹುದು, ಓದಿನಲ್ಲಿ ಅದು ತಪ್ಪಲ್ಲ.

ಇನ್ನು ಪಟ್ಟಿ. ಆರನೆಯ ತರಗತಿಗೆ ಈಚಿನ ಮಕ್ಕಳ ಕಾದಂಬರಿಗಳಿಂದಲೇ ಆರಂಭಿಸಬಹುದು. ಈ ಪ್ರಕಾರ ಕನ್ನಡದಲ್ಲಿ ಸೊರಗಿದೆಯೆಂಬ ಮಾತು ಈಗ ಹಳೆಯದಾಯಿತು. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ 2021ರಲ್ಲಿ, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ 2022ರಲ್ಲಿ, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ 2023ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರವನ್ನು ಪಡೆದವು. ಪುರಸ್ಕಾರವೊಂದೇ ಗುಣಕ್ಕೆ ಸಾಕ್ಷಿಯಲ್ಲವೆಂಬುದು ನಿಜ. ಆದರೆ ಹಳ್ಳಿಯ ಉಪಾಧ್ಯಾಯರಿಗೆ ಹುಡುಕಾಟದ ಆರಂಭಕ್ಕೆ ಅದೊಂದು ಗುರುತಿನ ಕಲ್ಲು. ನಾ. ಕಸ್ತೂರಿಯವರು ‘ಆಲಿಸ್’ಳನ್ನು ಕನ್ನಡದ ಹುಡುಗಿಯನ್ನಾಗಿ ಮಾಡಿದ ‘ಪಾತಾಳದಲ್ಲಿ ಪಾಪಚ್ಚಿ’ಯ ಪ್ರತಿ ಎಲ್ಲಿಯಾದರೂ ಸಿಕ್ಕಿದರೆ ಬಿಡಬೇಡಿ.

ಏಳನೆಯ ತರಗತಿಗೆ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’. 2011ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಈ ಕೃತಿಯನ್ನು ತರೀಕೆರೆಯ ಕಡೆಯ ಶಾಲೆಗಳಿಗೆ ವಿಶೇಷವಾಗಿ ಹೇಳುತ್ತೇನೆ. ಡಿಸೋಜ ಅವರು ಶರಾವತಿಯ ಮುಳುಗಡೆಯನ್ನು ಬಾಳಿನುದ್ದಕ್ಕೂ ಬರೆದರು. ಲಕ್ಕವಳ್ಳಿಯ ಭದ್ರಾ ಜಲಾಶಯ ತುಂಬಿದಾಗಲೂ ಊರುಗಳು ನೀರಿನೊಳಗಾದವು. ಜಲಾಶಯವನ್ನು ಪ್ರವಾಸದ ಸ್ಥಳವೆಂದಷ್ಟೇ ಬಲ್ಲ ಮಗು ಈ ಪುಸ್ತಕವನ್ನು ಓದಿದ ಮೇಲೆ ಮನೆಯ ಅಜ್ಜಿಯನ್ನು ಒಂದು ಪ್ರಶ್ನೆ ಕೇಳೀತು. ಆ ಒಂದು ಪ್ರಶ್ನೆಗಾಗಿ ಪುಸ್ತಕದ ಬೆಲೆಯನ್ನು ಎರಡು ಸಲ ಕೊಡಬಹುದು. ಇದರೊಡನೆ ವಿ. ಗಾಯತ್ರಿಯವರು ಕನ್ನಡಕ್ಕೆ ತಂದ ಜಪಾನಿನ ‘ತೊತ್ತೋಚಾನ್’ ಇರಲಿ. ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ಯೂ ಇರಲಿ. ಇವೆರಡೂ ಶಾಸ್ತ್ರಪ್ರಕಾರ ಕಾದಂಬರಿಗಳಲ್ಲ. ಮಕ್ಕಳು ಮಾತ್ರ ಆ ವ್ಯತ್ಯಾಸವನ್ನು ಕೇಳುವುದಿಲ್ಲ.

ಎಂಟನೆಯ ತರಗತಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಈ ಕಾದಂಬರಿ ನಡೆಯುವುದು ನಮ್ಮದೇ ಜಿಲ್ಲೆಯ ಮೂಡಿಗೆರೆಯ ಕಾಡಿನಲ್ಲಿ. ಹಾರುವ ಓತಿಯನ್ನು ಕಂಡವನು ಮಂದಣ್ಣ, ಊರವರ ಕಣ್ಣಿಗೆ ಯಾವ ಕೆಲಸಕ್ಕೂ ಬಾರದ ಹುಡುಗ. ಅವನ ಕಣ್ಣಿನ ಬೆಲೆಯನ್ನು ಬಲ್ಲವರು ವಿಜ್ಞಾನಿ ಕರ್ವಾಲೊ ಒಬ್ಬರೇ. ಕೊನೆಯ ಬೆಂಚಿನ ಹುಡುಗನಿಗೆ ಇದಕ್ಕಿಂತ ದೊಡ್ಡ ಭರವಸೆಯನ್ನು ಯಾವ ನೀತಿಪಾಠ ಕೊಟ್ಟೀತು? ದೊಡ್ಡವರ ಲೋಕದ ಕೆಲವು ಮಾತುಗಳು ಅದರಲ್ಲಿವೆ. ಹಳ್ಳಿಯ ಮಕ್ಕಳು ಕೇಳದ ಮಾತುಗಳೇನೂ ಅಲ್ಲ. ಆ ಮೇಲೆ ಕಾರಂತರ ‘ಬೆಟ್ಟದ ಜೀವ’. ಕಾಡು ಕಡಿದು ತೋಟ ಮಾಡಿದ ಗೋಪಾಲಯ್ಯ, ಮನೆ ಬಿಟ್ಟುಹೋದ ಮಗನ ದಾರಿ ಕಾಯುವ ಮುದುಕ ದಂಪತಿಗಳು. ಮಕ್ಕಳು ಬೆಂಗಳೂರು ಸೇರಿ ಮುದುಕರಷ್ಟೇ ಉಳಿದ ಮನೆಗಳು ಈ ಮೂರು ತಾಲ್ಲೂಕುಗಳಲ್ಲಿ ಎಷ್ಟಿವೆಯೆಂಬುದನ್ನು ನೆನೆದರೆ, 1943ರ ಈ ಪುಸ್ತಕ ನಿನ್ನೆ ಬರೆದಂತೆ ಕಾಣುತ್ತದೆ. ಹತ್ತನೆಯದು ‘ಚೋಮನ ದುಡಿ’ಯೇ. ಕೇಳಿದವರಿಗೆ ಕೊಡಿ, ಮನೆಗೆ ಕೊಡಿ, ಏನನ್ನೂ ಕೇಳಬೇಡಿ.

ಪಟ್ಟಿಯಲ್ಲಿ ಬಿಟ್ಟುದಕ್ಕೂ ಕಾರಣ ಹೇಳಬೇಕು. ಅಜ್ಜಂಪುರದ ಹೆಮ್ಮೆ ಅಜ್ಜಂಪುರ ಸೀತಾರಾಂ, ಕಥೆಗಾರ ‘ಆನಂದ’. ಊರಿನವರೆಂಬ ಅಭಿಮಾನದಿಂದ ಅವರ ‘ನಾನು ಕೊಂದ ಹುಡುಗಿ’ಯನ್ನು ಈ ವಯಸ್ಸಿಗೆ ಕೊಡುವುದು ಕಥೆಗೂ ಮಗುವಿಗೂ ನ್ಯಾಯವಲ್ಲ. ಈ ಜಿಲ್ಲೆಯಲ್ಲೇ ಹುಟ್ಟಿದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೂಡ ಕಾಯಲಿ. ಅವಸರದಲ್ಲಿ ಕೊಟ್ಟ ಮಹಾಕೃತಿ ಮಗುವಿಗೆ ಆ ಕೃತಿಯನ್ನೇ ಮುಂದೆ ಮುಚ್ಚಿಬಿಡಬಹುದು.

ಹಣದ ಮಾತು ಉಳಿಯಿತು. ದಾನಿಗಳು ಎಲ್ಲ ಊರುಗಳಲ್ಲಿ ಸಿಕ್ಕುವುದಿಲ್ಲ. ಆದರೆ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯೊಡನೆ ಗ್ರಂಥಾಲಯದ ಕರವನ್ನು ಸಲ್ಲಿಸುತ್ತಿರುವವರು ನಾವು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. 2020ರ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವನ್ನು ತೆರೆಯಿತು. ಸದಸ್ಯತ್ವದ ಚೀಟಿ ಓದಲ್ಲ. ಆ ಕಪಾಟಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳ ಪಕ್ಕದಲ್ಲಿ ಹನ್ನೆರಡು ವರ್ಷದವರಿಗಾಗಿ ಹತ್ತು ಕಾದಂಬರಿಗಳಿವೆಯೇ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳುವ ಒಬ್ಬ ತಾಯಿ, ಒಬ್ಬ ತಂದೆ ಬೇಕು. ಚರಂಡಿಯನ್ನೂ ಬೀದಿದೀಪವನ್ನೂ ಕೇಳುವ ಜಾಗದಲ್ಲಿ ಇದನ್ನು ಕೇಳಲು ಸಂಕೋಚವೇಕೆ?

ಶಾಲೆಯ ಬೀರುವಿನ ವಿಷಯವನ್ನೂ ಹೇಳಿಬಿಡುತ್ತೇನೆ. ಪುಸ್ತಕ ಕಳೆದರೆ ಕೈಯಿಂದ ಕಟ್ಟಬೇಕೆಂಬ ಹೆದರಿಕೆಯಿಂದ ಬೀಗ ಹಾಕಿಡುವ ಉಪಾಧ್ಯಾಯರನ್ನು ನಾನು ದೂಷಿಸಲಾರೆ. ನಾನೂ ಹಾಗೆಯೇ ಇಟ್ಟವನು. ಆದರೆ ಓದಿ ಹರಿದ ಪುಸ್ತಕ ನಷ್ಟವಲ್ಲ, ಖರ್ಚು. ಗೆದ್ದಲು ತಿಂದ ಪುಸ್ತಕವೇ ನಷ್ಟ. ದಾಸ್ತಾನು ಪುಸ್ತಕದಲ್ಲಿ ಇವೆರಡನ್ನೂ ಬೇರೆ ಬೇರೆ ಬರೆಯುವ ಪದ್ಧತಿಯನ್ನು ಮೇಲಿನವರು ಒಪ್ಪಿಕೊಂಡರೆ ಅರ್ಧ ಬೀಗಗಳು ತಾವಾಗಿ ತೆರೆಯುತ್ತವೆ.

ಉಪಾಧ್ಯಾಯ ಮಿತ್ರರೇ, ತಮ್ಮ ಕಾಗದಕ್ಕೆ ಉತ್ತರ ತಡವಾಯಿತು, ಕ್ಷಮಿಸಬೇಕು. ಹತ್ತು ಹೆಸರುಗಳನ್ನು ಕೊಟ್ಟಿದ್ದೇನೆ. ತರಿಸಿದ ಮೇಲೆ ಮೊದಲು ತಾವು ಓದಿ. ಆ ಮೇಲೆ ಒಂದು ಶನಿವಾರ ಯಾವುದಾದರೂ ಒಂದರ ಮೊದಲ ಅಧ್ಯಾಯವನ್ನು ಮಕ್ಕಳಿಗೆ ತಾವೇ ಓದಿ ಹೇಳಿ, ಮಕ್ಕಳಿಂದ ಓದಿಸಬೇಡಿ. ಕಥೆ ಕುತೂಹಲದಲ್ಲಿ ನಿಂತಾಗ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ. ಹಿಂದಿರುಗಿ ಬಂದಾಗ ಅದು ಅಲ್ಲಿ ಇಲ್ಲದಿದ್ದರೆ ಯಾರು ತೆಗೆದುಕೊಂಡರೆಂದು ವಿಚಾರಿಸಬೇಡಿ. ಅದು ಯಾವುದೋ ಮನೆಯಲ್ಲಿ, ಯಾರೋ ಒಬ್ಬರ ಕೈಯಲ್ಲಿ, ಒಬ್ಬರೇ ಓದುವುದಕ್ಕೆಂದು ಹೋಗಿರುತ್ತದೆ.